ಮಿದುಳಿನ ಹಾದಿಗಳೂ ಕನ್ನಡದ ‘ನರ’ವೂ

ಮನಸ್ಸನ್ನು ಕುರಿತ ಶಾಸ್ತ್ರೀಯ ಬರವಣಿಗೆಗೆ ಕನ್ನಡದಲ್ಲಿ ಒಳ್ಳೆಯ ಪರಂಪರೆಯಿದೆ. ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದುದು ಅದಕ್ಕೊಂದು ಸಾಕ್ಷಿ. ಆದರೆ ಮನಸ್ಸಿಗೆ ಆಶ್ರಯವಾದ ಮಿದುಳಿನ ರಚನೆಗೆ ಬರುತ್ತಲೇ ನಮ್ಮ ಬರಹದ ಭಾಷೆ ಹಲವೆಡೆ ಮಸುಕಾಗುತ್ತದೆ. ಇದಕ್ಕೊಂದು ಮುಖ್ಯ ಕಾರಣ ‘ನರ’ ಎಂಬ ಪದವೆಂದು ನನ್ನ ಭಾವನೆ.

ಮುಂಗೈಯಲ್ಲಿ ನೀಲಿಯಾಗಿ ತೋರುವ ರಕ್ತನಾಳವೂ ನಮಗೆ ನರ. ಕುತ್ತಿಗೆಯಲ್ಲಿ ಹಿಡಿದುಕೊಳ್ಳುವುದೂ ನರ. ಸಂವೇದನೆಯನ್ನು ಒಯ್ಯುವುದೂ ನರ. ಆಡುಮಾತಿನಲ್ಲಿ ಇದು ದೋಷವಲ್ಲ. ಶಾಸ್ತ್ರದಲ್ಲಿ ದೋಷವೇ ಸರಿ. ಮುಂಬಯಿಯಲ್ಲಿ ನಾವು ಕೇಳುವ ಮರಾಠಿಯ ‘ಮಜ್ಜಾತಂತು’ ಈ ಗೊಂದಲದಿಂದ ಪಾರಾಗಿದೆ. ಆದರೆ ಅಷ್ಟೂ ಸಾಲದು. ಮಿದುಳು ಮತ್ತು ಬೆನ್ನುಹುರಿಗಳ ಹೊರಗಿನ ತಂತುಗಳ ಕಟ್ಟಿಗೂ ಒಳಗಿನ ಕಟ್ಟಿಗೂ ಶರೀರರಚನಾಶಾಸ್ತ್ರವು ಬೇರೆ ಬೇರೆ ಹೆಸರಿಟ್ಟಿದೆ. ನಾವು ಎರಡನ್ನೂ ನರವೆಂದೇ ಬರೆಯುತ್ತೇವೆ. ಮಿದುಳಿನ ಎಡಬಲಗಳನ್ನು ಜೋಡಿಸುವ ಸುಮಾರು 20 ಕೋಟಿ ತಂತುಗಳ ಸೇತುವೆಯೂ ಹೀಗೆ ‘ನರ’ವಾಗಿಬಿಡುತ್ತದೆ!

ಇದು ಬರಿಯ ಪಂಡಿತರ ಹಟವಲ್ಲ. ಡೊಂಬಿವಲಿಯಲ್ಲಿ ನಮ್ಮ ನೆರೆಯ ಹಿರಿಯರೊಬ್ಬರ ಬಲಗೈ ಒಂದು ಬೆಳಗ್ಗೆ ಸೋತಿತು. ‘ಕೈಯ ನರ ಹಿಡಿದಿದೆ’ ಎಂದು ಮನೆಯವರು ಎಣ್ಣೆ ತಿಕ್ಕುತ್ತ ಮಧ್ಯಾಹ್ನವಾಯಿತು. ಕೈಯ ನರಕ್ಕೆ ಏನೂ ಆಗಿರಲಿಲ್ಲ. ಕೆಟ್ಟಿದ್ದು ಎಡಮಿದುಳಿನೊಳಗಿನ ಹಾದಿ. ಅಲ್ಲಿಂದ ಇಳಿಯುವ ಬಹುಪಾಲು ತಂತುಗಳು ಮಿದುಳಿನ ಬುಡದಲ್ಲಿ ಬಲಕ್ಕೆ ದಾಟುತ್ತವೆ. ರಕ್ತದ ಹೆಪ್ಪನ್ನು ಕರಗಿಸುವ ಔಷಧಕ್ಕೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಅವಧಿ. ಅದು ಎಣ್ಣೆಯ ಬಟ್ಟಲಿನಲ್ಲಿ ಕಳೆದುಹೋಯಿತು. ಮಾತಿನ ವಿಷಯವೂ ಹೀಗೆಯೇ. ಅರ್ಥ ಗ್ರಹಿಸುವ ಎಡೆಗೂ ಉಚ್ಚಾರಣೆಯ ಎಡೆಗೂ ನಡುವಿನ ಸಂಬಂಧ ಕಡಿದರೆ ಒಂದು ಬಗೆಯ ಮಾತಿನ ದೋಷ ಉಂಟಾಗುತ್ತದೆಂದು ವರ್ನಿಕೆ 1874ರಲ್ಲಿಯೇ ಊಹಿಸಿದನು. ಕೆಡುವುದು ಹಾದಿ ಮಾತ್ರವೇ ಅಲ್ಲ, ತೊಗಟೆಯ ಭಾಗವೂ ಇರಬಹುದೆಂದು ಈಚಿನ ಸಂಶೋಧನೆ ತಿದ್ದಿದೆ. ಏನಿದ್ದರೂ ಅಂಥವರ ತಿಳಿವಳಿಕೆ ಬಹುಮಟ್ಟಿಗೆ ಉಳಿದಿರುತ್ತದೆ. ಅವರನ್ನು ‘ಬುದ್ಧಿ ಹೋದವರು’ ಎನ್ನುವುದು ಅನ್ಯಾಯ.

ಆದುದರಿಂದ ಹೊರಗಿನದು ‘ನರ’, ಒಂದೊಂದು ಎಳೆ ‘ನರತಂತು’, ಒಳಗಿನ ಕಟ್ಟು ‘ಮಿದುಳುಹಾದಿ’ ಎಂದು ನಿಯಮಿಸಿಕೊಳ್ಳುವುದು ಲೇಸು. ‘ಹಾದಿ’ಗೂ ಒಂದು ಕೊರತೆಯುಂಟು: ಲೋಕಲ್ ಗಾಡಿಯ ಹಳಿಯಂತೆ ಇದು ಜಡವಲ್ಲ, ಜೀವಕೋಶದ್ದೇ ಚಾಚು. ಆ ಎಚ್ಚರವನ್ನು ಲೇಖಕರು ಒಂದು ವಾಕ್ಯದಲ್ಲಿ ಕೊಡಬಹುದು. ‘ಬೆನ್ನುಹುರಿ’ಯಂಥ ಸೊಗಸಾದ ಪದವುಳ್ಳ ಭಾಷೆಗೆ ಇದು ಭಾರವಾಗದು. ಪರಭಾಷೆಯ ಆಸ್ಪತ್ರೆಯಲ್ಲಿ ಕೇಳಿದ್ದನ್ನು ಮನೆಯಲ್ಲಿ ತಾಯಿಗೆ ಕನ್ನಡದಲ್ಲಿ ಹೇಳಬೇಕಾದವರು ನಾವು. ಈ ಕೆಲಸವನ್ನು ನಾವೇ ಮೊದಲು ಮಾಡುವುದು ಉಚಿತ.