ಹತ್ತೊಂಬತ್ತರ ಮನೆಯಲ್ಲಿ ಪಾಡ್ಯ

2026ರ ಕ್ಯಾಲೆಂಡರಿಗೆಂದು ಕಂಪ್ಯೂಟರಿನಿಂದ ಮೊದಲ ಪಟ್ಟಿ ತೆಗೆದಾಗ ಮಾರ್ಚ್ ತಿಂಗಳಲ್ಲಿ ಒಂದು ತಿಥಿಯೇ ಇರಲಿಲ್ಲ. 18, ಬುಧವಾರ, ಚತುರ್ದಶಿ. 19, ಗುರುವಾರ, ಅಮಾವಾಸ್ಯೆ. 20, ಶುಕ್ರವಾರ, ಬಿದಿಗೆ. ನಡುವಿನ ಪಾಡ್ಯ ಕಾಣೆ. ಬೇರೆ ಯಾವುದೋ ತಿಂಗಳ ಪಾಡ್ಯವಾಗಿದ್ದರೆ ಕ್ಷಯ ತಿಥಿ ಎಂದು ಗುರುತು ಹಾಕಿ ಮುಂದೆ ಹೋಗುತ್ತಿದ್ದೆ. ಇದು ಚೈತ್ರ ಶುದ್ಧ ಪಾಡ್ಯ, ಪರಾಭವ ಸಂವತ್ಸರ ಶುರುವಾಗುವ ದಿನ. ಯುಗಾದಿಯನ್ನೇ ಹಾಕದೆ ಕ್ಯಾಲೆಂಡರ್ ಅಚ್ಚಿಗೆ ಕಳಿಸುವುದು ಹೇಗೆ?

ನಮ್ಮ ಮನೆತನಕ್ಕೆಂದು ಪ್ರತಿ ವರ್ಷ ನೂರಿಪ್ಪತ್ತು ಗೋಡೆ ಕ್ಯಾಲೆಂಡರ್ ಮಾಡಿಸುತ್ತೇನೆ. ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರೂ ಒಂಟಿಕೊಪ್ಪಲ್ ಪಂಚಾಂಗವೂ ಮನೆಯಲ್ಲಿ ಇದ್ದೇ ಇವೆ, ಅವುಗಳ ಮೇಲೆ ನನಗೆ ಗೌರವವೂ ಇದೆ. ಆದರೆ ಶಿವಮೊಗ್ಗದ ಸೂರ್ಯೋದಯ, ಅಜ್ಜನ ಶ್ರಾದ್ಧದ ತಿಥಿ, ಮಕ್ಕಳ ಜನ್ಮನಕ್ಷತ್ರ ಎಲ್ಲವೂ ಒಂದೇ ಹಾಳೆಯಲ್ಲಿ ಬೇಕೆಂದರೆ ನಾವೇ ಮಾಡಿಕೊಳ್ಳಬೇಕು. ಅದಕ್ಕಾಗಿ ಅಣ್ಣನ ಮಗ ಒಂದು ಪುಟ್ಟ ಪೈಥಾನ್ ಪ್ರೋಗ್ರಾಂ ಬರೆದುಕೊಟ್ಟಿದ್ದಾನೆ. ಲೆಕ್ಕದ ಭಾರವನ್ನೆಲ್ಲ ಹೊರುವುದು ಅದರ ಒಳಗಿರುವ ಸ್ವಿಸ್ ಎಫೆಮೆರಿಸ್. ಸ್ವಿಟ್ಜರ್ಲೆಂಡಿನ ಆಸ್ಟ್ರೋಡೀನ್ಸ್ಟ್ ಸಂಸ್ಥೆ 1997ರಲ್ಲಿ ಹೊರತಂದದ್ದು ಅದು. ನಾಸಾದ ಜೆಪಿಎಲ್ ಪ್ರಯೋಗಾಲಯದ ಗ್ರಹಗಣಿತದ ಮೇಲೆ ನಿಂತಿದೆ. ವರ್ಷದ ಅಷ್ಟೂ ದಿನಗಳ ತಿಥಿ, ನಕ್ಷತ್ರ, ಯೋಗ, ಕರಣಗಳು ನಮ್ಮ ಹಳೆಯ ಲ್ಯಾಪ್‌ಟಾಪಿನಲ್ಲೂ ಒಂದು ಲೋಟ ಕಾಫಿ ಕುಡಿಯುವುದರೊಳಗೆ ಬಂದುಬಿಡುತ್ತವೆ. ಅವನ್ನು ನಮೂದುಗಳಾಗಿ ಮಾಡಿ ಚೌಕದ ಮನೆಗಳಲ್ಲಿ ಕೂರಿಸುವುದಕ್ಕೆ ನನಗೆ ಎರಡು ತಿಂಗಳು ಬೇಕು. ಆ ಎರಡು ತಿಂಗಳಿಗಾಗಿಯೇ ನಾನು ವರ್ಷವಿಡೀ ಕಾಯುತ್ತೇನೆ.

ಪ್ರೋಗ್ರಾಂ ಕೊಡುವುದು ಗಳಿಗೆಯನ್ನು ಮಾತ್ರ. ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಹೋದರೆ ಒಂದು ತಿಥಿ ಮುಗಿಯಿತು. ಚಂದ್ರನ ನಡಿಗೆ ಒಂದೇ ಸಮ ಇರುವುದಿಲ್ಲವಾದ್ದರಿಂದ ಒಂದು ತಿಥಿ 20 ಗಂಟೆಯಲ್ಲೂ ಮುಗಿಯಬಹುದು, 26 ಗಂಟೆಯನ್ನೂ ದಾಟಬಹುದು. ಸೂರ್ಯೋದಯದಲ್ಲಿ ಯಾವ ತಿಥಿ ಇದೆಯೋ ಅದೇ ಆ ದಿನದ ತಿಥಿ ಎಂಬುದು ನಮ್ಮ ರೂಢಿ. ಮಾರ್ಚ್ 19ರಂದು ಅಮಾವಾಸ್ಯೆ ಮುಗಿದದ್ದು ಬೆಳಿಗ್ಗೆ 6-53ಕ್ಕೆ. ಶಿವಮೊಗ್ಗದಲ್ಲಿ ಸೂರ್ಯ ಅಷ್ಟರಲ್ಲಿ ಹುಟ್ಟಿ ಇಪ್ಪತ್ತು ನಿಮಿಷ ಆಗಿರುತ್ತದೆ. ಪಾಡ್ಯ 22 ಗಂಟೆ ಇದ್ದು ಮರುದಿನ ಬೆಳಗಿನ ಜಾವ 4-52ಕ್ಕೆ ಮುಗಿಯಿತು, ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಹೀಗೆ ಎರಡು ಸೂರ್ಯೋದಯಗಳ ನಡುವೆ ಬಂದು ಯಾವುದನ್ನೂ ಮುಟ್ಟದೆ ಹೋಯಿತು ಪಾಡ್ಯ. ಪ್ರೋಗ್ರಾಂ ತಪ್ಪು ಮಾಡಿರಲಿಲ್ಲ. ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟಿತ್ತು.

ನಾನು ಮನೆ ಪುರೋಹಿತರಾದ ಭಟ್ಟರಿಗೆ ಫೋನ್ ಮಾಡಿದೆ. ಸೂರ್ಯೋದಯಕ್ಕೆ ಪಾಡ್ಯ ಸಿಗದೇ ಹೋದರೆ ಅದು ಶುರುವಾಗುವ ದಿನವೇ ಯುಗಾದಿ, 19ರಂದೇ ಹಾಕಿ ಎಂದರು. ಅಲ್ಲಿಗೆ ನನ್ನ ಕೆಲಸ ಮುಗಿಯಬೇಕಿತ್ತು. ಅಷ್ಟರಲ್ಲಿ ಚಿಕ್ಕಮ್ಮ ಕೇಳಿದರು: "ಹಾಗಾದ್ರೆ ಎಣ್ಣೆಸ್ನಾನ ಎಷ್ಟೊತ್ತಿಗೋ? ನಾವು ಐದಕ್ಕೇ ಹಂಡೆಗೆ ಉರಿ ಹಾಕೋರು. ಅಮಾವಾಸ್ಯೆ ಇರೋವಾಗ ತಲೆಗೆ ಎಣ್ಣೆ ಇಡೋದಾ?" ಯಾವ ಪ್ರೋಗ್ರಾಂ ಕೂಡ ತಾನಾಗಿ ಎತ್ತದ ಪ್ರಶ್ನೆ ಅದು. ಭಟ್ಟರನ್ನು ಮತ್ತೆ ಕೇಳಿದೆ. ಏಳರ ಮೇಲೆ ಇಟ್ಟುಕೊಳ್ಳಿ ಎಂದರು. ಹತ್ತೊಂಬತ್ತರ ಮನೆಯಲ್ಲಿ ಹೀಗೆ ಅಚ್ಚಾಯಿತು: "ಅಮಾವಾಸ್ಯೆ ಬೆ. 6-53ರವರೆಗೆ, ಮುಂದೆ ಪಾಡ್ಯ. ಯುಗಾದಿ. ಅಭ್ಯಂಜನ 7ರ ನಂತರ." ನನ್ನ ಮಟ್ಟಿಗೆ ಆ ವರ್ಷದ ಅತ್ಯುತ್ತಮ ನಮೂದು ಅದೇ. ಒಂದು ಸಾಲು ಗಣಿತದ್ದು, ಒಂದು ಶಾಸ್ತ್ರದ್ದು, ಒಂದು ಚಿಕ್ಕಮ್ಮನದು.

ಈ ಕೆಲಸಕ್ಕೆ ಕೈ ಹಾಕುವವರು ಎಲ್ಲಕ್ಕಿಂತ ಮೊದಲು ತಮ್ಮ ಊರಿನ ಅಕ್ಷಾಂಶ, ರೇಖಾಂಶ ತುಂಬಬೇಕು. ತಿಥಿ ಮುಗಿಯುವ ಗಳಿಗೆ ದೇಶಕ್ಕೆಲ್ಲ ಒಂದೇ, ಸೂರ್ಯೋದಯ ಹಾಗಲ್ಲ. ಅದೇ ಮಾರ್ಚ್ 19ರಂದು ಕೋಲ್ಕತ್ತದಲ್ಲಿ ಸೂರ್ಯ ಹುಟ್ಟುವುದು 5-42ರ ಸುಮಾರಿಗೆ, ಬೆಂಗಳೂರಿನಲ್ಲಿ 6-25ರ ಸುಮಾರಿಗೆ, ಪಶ್ಚಿಮದ ತುದಿಯ ದ್ವಾರಕೆಯಲ್ಲಿ ಏಳು ಗಂಟೆಗೆ ಒಂದೆರಡು ನಿಮಿಷ ಇರುವಾಗ. ಅಂದರೆ ದ್ವಾರಕೆಯ ಮಟ್ಟಿಗೆ ಪಾಡ್ಯ ಸೂರ್ಯೋದಯಕ್ಕೆ ಸಿಕ್ಕಿತು, ಅದು ಕ್ಷಯವೇ ಅಲ್ಲ! ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗಳಿಗೂ ನಾನು ಒಂದು ಪ್ರತಿ ಕಳಿಸುತ್ತೇನೆ. ಅಲ್ಲಿ ಅಮಾವಾಸ್ಯೆ ಮುಗಿದದ್ದು 18ರ ರಾತ್ರಿಯೇ. 19ರ ಬೆಳಿಗ್ಗೆ ಅವಳ ಮನೆಯಲ್ಲಿ ನಿಚ್ಚಳ ಪಾಡ್ಯ. ತಾರೀಕು ನಮ್ಮದೂ ಅವಳದೂ ಒಂದೇ ಆಯಿತು, ಆದರೆ ಬೇರೆ ಬೇರೆ ಕಾರಣಕ್ಕೆ. ಎಲ್ಲ ಸಲವೂ ಹಾಗಾಗುವುದಿಲ್ಲ. ಏಕಾದಶಿ, ಸಂಕಷ್ಟಿಗಳು ಎಷ್ಟೋ ಸಲ ಒಂದು ದಿನ ಆಚೀಚೆ ಆಗುತ್ತವೆ. ಆದ್ದರಿಂದ ಅವಳ ಊರಿಗೆ ಬೇರೆಯೇ ಪಟ್ಟಿ ತೆಗೆಯುತ್ತೇನೆ. ಭಾರತದ ಪಂಚಾಂಗವನ್ನು ಹಾಗೇ ಅಮೆರಿಕದ ಗೋಡೆಗೆ ನೇತುಹಾಕುವುದು ಸರಿಯಲ್ಲ ಎಂದು ನಾನು ಎಷ್ಟು ಜನರಿಗೆ ಹೇಳಿದ್ದೇನೋ.

ಸೂರ್ಯೋದಯ ಎಂದರೇನು ಎಂಬುದನ್ನೂ ಪ್ರೋಗ್ರಾಂಗೆ ಹೇಳಿಕೊಡಬೇಕು. ಬಿಂಬದ ಮೇಲಂಚು ಕಣ್ಣಿಗೆ ಬೀಳುವ ಹೊತ್ತೋ, ಬಿಂಬದ ನಡುಮಧ್ಯ ನಿಜವಾಗಿ ದಿಗಂತಕ್ಕೆ ಬರುವ ಹೊತ್ತೋ? ಗಾಳಿ ಬೆಳಕನ್ನು ಬಾಗಿಸುವುದರಿಂದ ಸೂರ್ಯ ನಿಜಕ್ಕಿಂತ ಮೊದಲೇ ಕಾಣುತ್ತಾನೆ. ನಮ್ಮ ಸೀಮೆಯಲ್ಲಿ ಈ ಎರಡರ ನಡುವೆ ಮೂರೂವರೆ ನಿಮಿಷದಷ್ಟು ವ್ಯತ್ಯಾಸ. ಎರಡು ಕ್ಯಾಲೆಂಡರುಗಳ ಸೂರ್ಯೋದಯ ಹೊಂದದಿದ್ದರೆ ಎಷ್ಟೋ ಸಲ ಕಾರಣ ಇಷ್ಟೇ.

ಇದಕ್ಕಿಂತ ದೊಡ್ಡದು ಅಯನಾಂಶ, ಅಂದರೆ ರಾಶಿಚಕ್ರದ ಆರಂಭವನ್ನು ವಿಷುವದ್ಬಿಂದುವಿನಿಂದ ಎಷ್ಟು ದೂರಕ್ಕೆ ಇಡಬೇಕು ಎಂಬ ಲೆಕ್ಕ. ತಿಥಿ ಎಂಬುದು ಚಂದ್ರನಿಗೂ ಸೂರ್ಯನಿಗೂ ನಡುವಿನ ಅಂತರವಷ್ಟೇ ಆದ್ದರಿಂದ ಅದಕ್ಕೆ ಅಯನಾಂಶದ ಹಂಗಿಲ್ಲ. ನಕ್ಷತ್ರ, ಯೋಗ, ಸಂಕ್ರಾಂತಿಗಳಿಗೆ ಇದೆ. ಸಂಕ್ರಾಂತಿ ಸರಿದರೆ ಅಧಿಕ ಮಾಸವೂ ಸರಿಯಬಹುದು ಎಂದು ಪುಸ್ತಕದಲ್ಲಿ ಓದಿದ್ದೆ; ಕಣ್ಣಾರೆ ಕಂಡದ್ದು 2026ರ ಪಟ್ಟಿ ಮಾಡುವಾಗ. ಆ ವರ್ಷ ಜ್ಯೇಷ್ಠ ಅಧಿಕ. ಮೇ 17ರ ನಸುಕಿನಲ್ಲಿ ಒಂದು ಅಮಾವಾಸ್ಯೆ ಮುಗಿಯುತ್ತದೆ, ಜೂನ್ 15ರ ಬೆಳಿಗ್ಗೆ 8-24ಕ್ಕೆ ಇನ್ನೊಂದು. ಸೂರ್ಯ ಮಿಥುನಕ್ಕೆ ಬರುವುದು ಅದೇ ದಿನ ಮಧ್ಯಾಹ್ನ ಒಂದರ ಹೊತ್ತಿಗೆ. ಐದು ಗಂಟೆಗೂ ಕಡಿಮೆ ಅಂತರದಲ್ಲಿ ಆ ಮಾಸಕ್ಕೆ ಸಂಕ್ರಾಂತಿ ತಪ್ಪಿ ಅದು ಅಧಿಕವಾಯಿತು. ಇದು ಲಾಹಿರಿ ಅಯನಾಂಶದ ಲೆಕ್ಕ. ಅಣ್ಣನ ಮಗ ಪರೀಕ್ಷೆಗೆಂದು ಅದನ್ನು ತೆಗೆದು ನಮ್ಮ ಬೆಂಗಳೂರಿನ ಬಿ.ವಿ. ರಾಮನ್ ಅವರ ಅಯನಾಂಶ ಹಾಕಿದ. ಇವೆರಡರ ನಡುವೆ ಒಂದೂವರೆ ಡಿಗ್ರಿಗೆ ಸ್ವಲ್ಪ ಕಡಿಮೆ ವ್ಯತ್ಯಾಸ, ಅಂದರೆ ಸೂರ್ಯನ ಒಂದೂವರೆ ದಿನದ ನಡಿಗೆ. ಮಿಥುನ ಸಂಕ್ರಾಂತಿ ಹಿಂದಕ್ಕೆ ಸರಿದು ಆ ಮಾಸದೊಳಗೇ ಬಂತು; ಅಧಿಕ ಮಾಸ ಮುಂದಕ್ಕೆ ಹೋಗಿ ಆಷಾಢಕ್ಕೆ ಕೂತಿತು. ಜೂನ್ ಕೊನೆಗೆ ಇದ್ದ ಕಾರ ಹುಣ್ಣಿಮೆ ಮೇ ಕೊನೆಗೆ ಹಾರಿತು! ಎತ್ತಿನ ಕೊಂಬಿಗೆ ಬಣ್ಣ ಬಳಿಯುವ ದಿನ ಒಂದು ಇಡೀ ತಿಂಗಳು ಜರುಗಿದ್ದನ್ನು ನೋಡುತ್ತ ನಾವಿಬ್ಬರೂ ಬಹಳ ಹೊತ್ತು ಪರದೆಯ ಮುಂದೆ ಕೂತಿದ್ದೆವು.

ನಾನು ಬಳಸುವುದು ಲಾಹಿರಿ. ಮೇಘನಾದ ಸಹಾ ಅಧ್ಯಕ್ಷತೆಯಲ್ಲಿ 1952ರಲ್ಲಿ ರಚನೆಯಾದ ಪಂಚಾಂಗ ಸುಧಾರಣಾ ಸಮಿತಿಗೆ ಎನ್.ಸಿ. ಲಾಹಿರಿ ಕಾರ್ಯದರ್ಶಿ. ಸಮಿತಿಯ ವರದಿ ಬಂದದ್ದು 1955ರಲ್ಲಿ. ಶಕ ವರ್ಷದ ರಾಷ್ಟ್ರೀಯ ಕ್ಯಾಲೆಂಡರ್ ಜಾರಿಗೆ ಬಂದದ್ದು 1957ರ ಮಾರ್ಚ್ 22ರಂದು. ಯಾವುದನ್ನು ಬಳಸಿದರೂ ಕ್ಯಾಲೆಂಡರಿನ ಹಿಂದಿನ ಹಾಳೆಯಲ್ಲಿ ಅದನ್ನು ಒಂದು ಸಾಲು ಬರೆದಿರಬೇಕು ಎಂಬುದು ನನ್ನ ಹಠ. ಎಷ್ಟೋ ಅಚ್ಚಿನ ಕ್ಯಾಲೆಂಡರುಗಳು ಯಾವ ಊರಿನ ಸೂರ್ಯೋದಯ, ಯಾವ ಗಣಿತ ಎಂಬುದನ್ನು ಹೇಳುವುದೇ ಇಲ್ಲ. ಓದುವವರಿಗೆ ಇದು ಅನ್ಯಾಯ.

ಹಬ್ಬಗಳ ನಿಯಮ ಪ್ರೋಗ್ರಾಂನಲ್ಲಿ ಬರೆದಿಟ್ಟಿದ್ದೇವೆ. ಗಣೇಶನ ಚೌತಿಗೆ ಮಧ್ಯಾಹ್ನದ ತಿಥಿ, ಸಂಕಷ್ಟಿಗೆ ಚಂದ್ರೋದಯದ್ದು, ಶ್ರಾದ್ಧಕ್ಕೆ ಅಪರಾಹ್ನದ್ದು. ಏಕಾದಶಿಗೆ ಮಾತ್ರ ಎರಡು ಸಾಲು. ಮಾಧ್ವರ ಮನೆಗಳಲ್ಲಿ ಅರುಣೋದಯಕ್ಕೆ, ಅಂದರೆ ಸೂರ್ಯ ಹುಟ್ಟುವ ನಾಲ್ಕು ಗಳಿಗೆ ಮೊದಲು, ದಶಮಿ ಸೋಂಕಿದರೆ ಉಪವಾಸ ಮರುದಿನಕ್ಕೆ ಹೋಗುತ್ತದೆ. ನಮ್ಮದು ಸ್ಮಾರ್ತರ ಮನೆ, ಪಕ್ಕದ ಮನೆಯವರು ಮಾಧ್ವರು, ಅವರಿಗೂ ಒಂದು ಪ್ರತಿ ಹೋಗುತ್ತದೆ. ಎರಡೂ ದಿನ ಅಚ್ಚು ಮಾಡುತ್ತೇನೆ. ಸರ್ಕಾರಿ ರಜೆಯ ಪಟ್ಟಿ, ಎರಡನೇ ನಾಲ್ಕನೇ ಶನಿವಾರ, ಚಂದ್ರದರ್ಶನವನ್ನು ಅನುಸರಿಸುವ ರಂಜಾನ್ ಇವೆಲ್ಲ ಕೈಯಿಂದಲೇ ತುಂಬಬೇಕಾದವು. ರಾಹುಕಾಲವನ್ನು ನಾನು ನಮ್ಮ ಊರಿನ ಹಗಲನ್ನು ಎಂಟು ಪಾಲು ಮಾಡಿಯೇ ಹಾಕುವುದು. ಸೋಮವಾರಕ್ಕೆ 7-30ರಿಂದ 9 ಎಂಬುದು ಸೂರ್ಯ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗಿದರೆ ಮಾತ್ರ ಸರಿ. ಜನವರಿ ನಡುವಿನ ಸೋಮವಾರ ಶಿವಮೊಗ್ಗದಲ್ಲಿ ಅದು ಸುಮಾರು 8-20ರಿಂದ 9-45.

ಇನ್ನು ಬರವಣಿಗೆಯ ಮಾತು. ನಮ್ಮ ದಿನ ಸೂರ್ಯೋದಯದಿಂದ ಸೂರ್ಯೋದಯದವರೆಗೆ ಆದ್ದರಿಂದ ಗಣಿತದವರು ಮರುದಿನ ಬೆಳಗಿನ ಜಾವದ 4-52ನ್ನು 28-52 ಎಂದು ಬರೆಯುತ್ತಾರೆ. ಲೆಕ್ಕಕ್ಕೆ ಅದು ಚೆನ್ನ, ಗೋಡೆಗೆ ಅಲ್ಲ. ಮೊದಲ ವರ್ಷ ಹಾಗೇ ಅಚ್ಚು ಮಾಡಿಸಿದೆ. ಸೊರಬದ ಅತ್ತೆ ಫೋನ್ ಮಾಡಿ, "ಇಪ್ಪತ್ತೆಂಟು ಗಂಟೆ ಅಂದ್ರೆ ಯಾವಾಗಪ್ಪಾ? ನಾಳೆಯೋ ನಾಡಿದ್ದೋ?" ಎಂದು ಕೇಳಿದರು. ಅವರು ಆ ಗಳಿಗೆ ನೋಡಿಯೇ ವ್ರತದ ಪಾರಣೆ ಮಾಡುವವರು. ಮರುವರ್ಷದಿಂದ "ಬೆ.ಜಾ. 4-52" ಎಂದೇ ಬರೆಯುತ್ತಿದ್ದೇನೆ.

ಗಂಟೆ ನಿಮಿಷದ ನಡುವೆ ನಾವು ಹಾಕುವ ಈ ಅಡ್ಡಗೀಟೇ ಒಂದು ವರ್ಷ ಬಹಳ ಕಾಡಿತು. ಸ್ಪ್ರೆಡ್‌ಶೀಟಿನಲ್ಲಿ ಪಟ್ಟಿ ತೆರೆದಾಗ ರಾತ್ರಿ 10-12 ಎಂಬುದು ಡಿಸೆಂಬರ್ 10 ಆಗಿತ್ತು; 9-5 ಎಂಬುದು ಮೇ 9. ಗೀಟಿನ ಎರಡೂ ಕಡೆ ಹೊಂದುವ ಅಂಕಿ ಕಂಡರೆ ಅದು ತಾರೀಕೇ ಎಂದು ಶೀಟು ತಿಳಿದುಬಿಡುತ್ತದೆ. ನೂರಾರು ಮನೆಗಳಲ್ಲಿ ಎಲ್ಲೆಲ್ಲಿ ಕೆಟ್ಟಿದೆ ಎಂದು ಒಂದೊಂದನ್ನೇ ಹುಡುಕಬೇಕಾಯಿತು. ಪಟ್ಟಿಯನ್ನು ಒಳಗೆ ತರುವ ಮೊದಲೇ ಆ ಕಾಲಂಗಳನ್ನೆಲ್ಲ ಟೆಕ್ಸ್ಟ್ ಎಂದು ಗುರುತಿಸಿಬಿಡಿ. ಆಮೇಲೆ ಬದಲಿಸಿದರೆ ಹೋದ ಅಂಕಿ ವಾಪಸು ಬರುವುದಿಲ್ಲ.

ಪ್ರೆಸ್ಸಿನ ಕಷ್ಟ ಬೇರೆ. ನನ್ನ ಪಟ್ಟಿ ಯೂನಿಕೋಡಿನಲ್ಲಿ, ನಾನು ಹೋಗುವ ಪ್ರೆಸ್ಸಿನ ಡಿಟಿಪಿ ಹುಡುಗ ಪುಟ ಕಟ್ಟುವುದು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ. ಕನ್ವರ್ಟರ್ ಮೂಲಕ ಹಾಯಿಸಿದಾಗ ಕನ್ನಡವೆಲ್ಲ ಸರಿಯಾಗಿಯೇ ಬಂದಂತೆ ಕಾಣುತ್ತದೆ. ಆದರೆ ಒಂದು ವರ್ಷ ಅರ್ಕಾವೊತ್ತು ಅಲ್ಲಲ್ಲಿ ಬಿಟ್ಟುಹೋಗಿ "ಚತುರ್ಥಿ" ಎಂಬುದು "ಚತುಥಿ" ಆಗಿತ್ತು, "ಮಾರ್ಗಶಿರ" ಎಂಬುದು "ಮಾಗಶಿರ". ಅದಕ್ಕೇ ಈಗ ಕರಡು ಅಚ್ಚನ್ನು ಇಬ್ಬರು ಕೂತು ನೋಡುತ್ತೇವೆ. ನಾನು ಪರದೆಯ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತೇನೆ, ನನ್ನವಳು ಹಾಳೆಯ ಮೇಲೆ ಬೆರಳಿಟ್ಟು ಹಿಂಬಾಲಿಸುತ್ತಾಳೆ. ಹನ್ನೆರಡು ಹಾಳೆಗೆ ಮೂರು ಸಂಜೆ. ತಪ್ಪು ಹೆಚ್ಚಾಗಿ ಅವಳ ಬೆರಳಿಗೇ ಸಿಗುತ್ತದೆ.

2026ರ ಫೆಬ್ರವರಿ ನೋಡಿದಿರಾ? ಒಂದನೇ ತಾರೀಕು ಭಾನುವಾರ, ಇಪ್ಪತ್ತೆಂಟು ಶನಿವಾರ. ನಾಲ್ಕು ವಾರ, ಒಂದು ಮನೆಯೂ ಖಾಲಿ ಇಲ್ಲ, ಒಂದೂ ಹೊರಗೆ ಚೆಲ್ಲುವುದಿಲ್ಲ. ಮೇ ಮತ್ತು ಆಗಸ್ಟ್ ಇದಕ್ಕೆ ತದ್ವಿರುದ್ಧ, ಆರನೇ ವಾರಕ್ಕೆ ಕಾಲು ಚಾಚುತ್ತವೆ. ಅಂಥ ತಿಂಗಳಲ್ಲಿ 24ರ ಮನೆಯನ್ನೇ ಸೀಳಿ 31ನ್ನೂ ಅಲ್ಲೇ ತುರುಕುವುದು ಅನೇಕರ ಪದ್ಧತಿ. ನನಗೆ ಅದು ಸೇರುವುದಿಲ್ಲ. ಇಡೀ ಹಾಳೆಯ ಮನೆಗಳನ್ನು ಒಂದಿಷ್ಟು ಕಿರಿದು ಮಾಡಿಯಾದರೂ 31ಕ್ಕೆ ಅದರದೇ ಮನೆ ಕೊಡುತ್ತೇನೆ. ಆ ದಿನ ಹುಟ್ಟಿದ ಮಗು ನಮ್ಮ ಮನೆತನದಲ್ಲಿ ಎರಡಿವೆ.

ಯೋಗ, ಕರಣಗಳನ್ನು ಮೂರು ವರ್ಷದ ಹಿಂದೆ ತೆಗೆದುಹಾಕಿದೆ. ಪ್ರೋಗ್ರಾಂ ಕೊಡುತ್ತದೆ ಎಂದು ಎಲ್ಲವನ್ನೂ ತುಂಬಿದರೆ ಮನೆಯೊಳಗೆ ಪೆನ್ಸಿಲ್ ಆಡಲು ಜಾಗ ಇರುವುದಿಲ್ಲ. ಅಮ್ಮನ ಕಾಲದ ಕ್ಯಾಲೆಂಡರುಗಳನ್ನು ಅಟ್ಟದಿಂದ ಇಳಿಸಿ ನೋಡಿದಾಗ ಅವುಗಳ ತುಂಬ ಅವರದೇ ಕೈಬರಹ: ಹಾಲು ಎರಡು, ಹಾಲು ಒಂದೂವರೆ, ಗ್ಯಾಸ್ ಬಂತು, ಗೌರಿ ಕರು ಹಾಕಿತು. ಈಗ ಪ್ರತಿ ಮನೆಯ ಕೆಳಗಿನ ಅರ್ಧ ಬಿಳಿಯಾಗಿಯೇ ಇರುತ್ತದೆ. ಡಿಟಿಪಿ ಹುಡುಗ ಪ್ರತಿ ವರ್ಷ ಕೇಳುತ್ತಾನೆ, "ಇಲ್ಲಿ ಏನೂ ಬೇಡ್ವಾ ಸಾರ್? ಒಂದು ದೀಪದ ಚಿತ್ರ ಹಾಕ್ಲಾ?" ಬೇಡ ಎಂದು ಪ್ರತಿ ವರ್ಷವೂ ಹೇಳುತ್ತೇನೆ.