ನೀರೋನ ಮುಖವೇನೋ ಚೆಂದ, ಬೆಳ್ಳಿ?

ರೋಮನ್ ನಾಣ್ಯಗಳಲ್ಲಿ ನನಗೆ ಅತಿ ಚೆಂದ ಕಾಣೋದು ನೀರೋ ಚಕ್ರವರ್ತಿಯ ಹಿತ್ತಾಳೆಯ ಸೆಸ್ಟರ್ಟಿಯಸ್. ಅಡ್ಡಳತೆ ಸುಮಾರು ಮೂರೂವರೆ ಸೆಂಟಿಮೀಟರ್, ಅಷ್ಟೇ. ಮುಂಭಾಗದಲ್ಲಿ ದಪ್ಪ ಕತ್ತು, ಗಲ್ಲದ ಕೆಳಗೆ ತುಂಬಿಕೊಂಡ ಮಾಂಸ, ಸಾಲಾಗಿ ಜೋಡಿಸಿದ ಮುಂಗುರುಳು. ಹೊಗಳಲಿಕ್ಕೇ ಕೂತ ಕೆತ್ತನೆಗಾರ ಕೊಬ್ಬನ್ನೂ ಬಿಟ್ಟಿಲ್ಲ! ಹಿಂಭಾಗದಲ್ಲಿ ಒಸ್ಟಿಯಾ ಬಂದರು: ಆಕಾಶದಿಂದ ನೋಡಿದ ಹಾಗೆ ಬಾಗಿದ ಕಟ್ಟೆ, ನಡುವೆ ಒತ್ತೊತ್ತಾಗಿ ಹಡಗುಗಳು, ಕೆಳಗೆ ಒರಗಿ ಕೂತ ಜಲದೇವತೆ. ಅಂದಹಾಗೆ ಆ ಬಂದರಿನ ಕೆಲಸ ಶುರು ಮಾಡಿದ್ದು ಮಲತಂದೆ ಕ್ಲಾಡಿಯಸ್. ಪ್ರಾಜೆಕ್ಟ್ ಒಬ್ಬರದು, ಡೆಮೊ ಇನ್ನೊಬ್ಬರದು, ನಮಗೆ ಹೊಸದೇನಲ್ಲ.

ಆದರೆ ಇದು ಗೋಡೆಗೆ ತೂಗುಹಾಕೋ ಚಿತ್ರವಲ್ಲ. ಒಂದು ಸೆಸ್ಟರ್ಟಿಯಸ್ ಅಂದರೆ ನಾಲ್ಕು ಆಸ್. ಪಾಂಪೇಯಿಯ ಹೆಂಡದಂಗಡಿಯೊಂದರ ಗೋಡೆಬರಹದ ಪ್ರಕಾರ ಒಂದು ಆಸ್‌ಗೆ ಸಾಧಾರಣ ವೈನ್, ನಾಲ್ಕಕ್ಕೆ ಉತ್ತಮ ಫಲೆರ್ನಿಯನ್. ಬಂದರಿನ ಚಿತ್ರ ಕೊಟ್ಟು ಒಳ್ಳೇ ವೈನ್ ಕುಡಿದು ಹೋಗಬಹುದಿತ್ತು. ಸಾಮ್ರಾಜ್ಯದ ಜಾಹೀರಾತು ಬೆವರಿನ ಕೈಯಿಂದ ಕೈಗೆ ಹೋಗಿ ಸವೆಯುತ್ತಿತ್ತು.

ನನ್ನ ತಕರಾರು ಇರೋದು ಬೆಳ್ಳಿಯ ಬಗ್ಗೆ. ಕ್ರಿ.ಶ. 64ರ ಸುಮಾರಿಗೆ ನೀರೋ ಬೆಳ್ಳಿಯ ಡಿನೇರಿಯಸ್ಸನ್ನು ಹಗುರ ಮಾಡಿದ. ಮೊದಲು ಒಂದು ರೋಮನ್ ಪೌಂಡಿಗೆ 84 ನಾಣ್ಯ, ಆಮೇಲೆ 96. ಸಾಲದ್ದಕ್ಕೆ ತಾಮ್ರದ ಬೆರಕೆ. ಹೆಸರು ಅದೇ, ಬೆಲೆ ಅದೇ. ಮೇಲೆ ಥಳಕು, ಒಳಗೆ ಹುಳುಕು. ಕಲೆಯವರು ಮುಖವನ್ನು ಹೊಗಳಿ, ಅರ್ಥಶಾಸ್ತ್ರದವರು ತೂಕವನ್ನು ಬೈದು ಬೇರೆಬೇರೆ ಅಧ್ಯಾಯ ಬರೆಯೋದು ನನಗೆ ಒಪ್ಪಿಗೆಯಾಗಲ್ಲ. ಮುಖ ಅಷ್ಟು ನಂಬಿಕೆ ಹುಟ್ಟಿಸಿದ್ದಕ್ಕೇ ತೂಕ ಇಳಿಸೋ ಧೈರ್ಯ ಬಂದಿದ್ದು ಅಂತ ನನ್ನ ಓದು.

ಆ ನಂಬಿಕೆ ಗಡಿ ದಾಟಲಿಲ್ಲ. ವ್ಯಾಪಾರದಲ್ಲಿ ಭಾರತಕ್ಕೆ ಬಂದ ಡಿನೇರಿಯಸ್‌ಗಳಲ್ಲಿ ಬಹುಪಾಲು ಅಗಸ್ಟಸ್ ಮತ್ತು ಟೈಬೀರಿಯಸ್‌ರವು, ಅಂದರೆ ಹಳೇ ತೂಕದವು. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅವರಿಬ್ಬರವು ಸಿಕ್ಕಿವೆ. ನೀರೋನ ಹಗುರ ಬೆಳ್ಳಿ ಇಲ್ಲಿ ಅಪರೂಪ. ಸಾವಿರಾರು ಮೈಲಿ ಆಚೆಯ ವ್ಯಾಪಾರಿಗೆ ಮುಂಗುರುಳು ಕಟ್ಟಿಕೊಂಡು ಏನಾಗಬೇಕು?

ತಮಿಳುನಾಡಿನ ಪುದುಕ್ಕೋಟ್ಟೈಯಲ್ಲಿ 1898ರಲ್ಲಿ ಸಿಕ್ಕ 501 ರೋಮನ್ ಚಿನ್ನದ ನಾಣ್ಯಗಳ ಕತೆ ಇನ್ನೂ ಖಾರ. ಬಹುಪಾಲು ನಾಣ್ಯಗಳಲ್ಲಿ ಚಕ್ರವರ್ತಿಯ ಮುಖದ ಮೇಲೆ ಉಳಿಯೇಟಿನ ಗೀರು. ಒಳಗೂ ಚಿನ್ನವೇ ಇದೆಯಾ ಅಂತ ನೋಡಲಿಕ್ಕೆ ಅನ್ನೋರಿದ್ದಾರೆ, ಮತ್ತೆ ಚಲಾವಣೆಗೆ ಹೋಗದಿರಲಿ ಅಂತ ಅನ್ನೋರೂ ಇದ್ದಾರೆ. ಯಾವುದೇ ಇರಲಿ, ಹೊಡೆದವನಿಗೆ ಬೇಕಿದ್ದದ್ದು ಲೋಹ. ಏಟು ಬಿದ್ದದ್ದು ಮಾತ್ರ ತಲೆಗೇ.