ವೈದ್ಯಕೀಯ ಕಾಲೇಜಿನ ನಿಜವಾದ ಪ್ರಯೋಗಾಲಯ

ಪಿಯುಸಿ ಫಲಿತಾಂಶ ಬಂದರೆ ಕಗ್ಗದಾಸಪುರದ ನಮ್ಮ ಬೀದಿಯ ಪೋಷಕರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಸಾರ್, ಯಾವ ಮೆಡಿಕಲ್ ಕಾಲೇಜು ಒಳ್ಳೆಯದು, ಫೀಸು ಎಷ್ಟಾಗುತ್ತೆ?" ನಾನು ಭೌತಶಾಸ್ತ್ರದವನು. ಆದರೂ ಒಂದು ಮರುಪ್ರಶ್ನೆ ಹಾಕುತ್ತೇನೆ: ಅಲ್ಲಿಗೆ ರೋಗಿಗಳು ಎಷ್ಟು ಮಂದಿ ಬರುತ್ತಾರೆ?

ನಮ್ಮ ಪೂರ್ವ ಬೆಂಗಳೂರಿನಲ್ಲೇ ಆರಂಭವಾದ ಕಾಲೇಜೊಂದರ ಚರಿತ್ರೆಯನ್ನು ನೋಡಿ. ಭಾರತದ ಕ್ಯಾಥೊಲಿಕ್ ಬಿಷಪರ ಸಮ್ಮೇಳನವು 1963ರಲ್ಲಿ ಸ್ಥಾಪಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಮೊದಲು ನಡೆದದ್ದು ಕುಕ್ ಟೌನಿನ ತಾತ್ಕಾಲಿಕ ಕಟ್ಟಡದಲ್ಲಿ. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರಗಳನ್ನು ಕಲಿಸಲು ಕಟ್ಟಡ, ಉಪಕರಣ ಮತ್ತು ಒಳ್ಳೆಯ ಅಧ್ಯಾಪಕರು ಇದ್ದರೆ ಬಹುಮಟ್ಟಿಗೆ ಸಾಕು. ಅನಂತರದ ವರ್ಷಗಳಲ್ಲಿ ವಿದ್ಯಾರ್ಥಿ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತೇ ಕಲಿಯಬೇಕು. ಅದಕ್ಕೆ ಆಧಾರವಾದದ್ದು 1886ರಷ್ಟು ಹಳೆಯದಾದ ಸೇಂಟ್ ಮಾರ್ಥಾಸ್ ಆಸ್ಪತ್ರೆ. ಕಾಲೇಜಿನ ಸ್ವಂತ ಆಸ್ಪತ್ರೆ ಬಂದದ್ದು 1975ರಲ್ಲಿ, ಅಂದರೆ 12 ವರ್ಷಗಳ ನಂತರ.

ಇದಕ್ಕೂ ಮುಂಚೆ, 1953ರಲ್ಲಿ, ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದಾಗಲೂ ಇದೇ ಕಥೆ. ಚಿಕಿತ್ಸಾ ತರಬೇತಿಗೆ ವಿದ್ಯಾರ್ಥಿಗಳು ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಗೆ ಹೋಗಬೇಕಾಯಿತು. ಬಂಡವಾಳ ಖಾಸಗಿಯದು, ಹಾಸಿಗೆಯ ಮೇಲಿದ್ದ ರೋಗಿ ಸರ್ಕಾರಿ ಆಸ್ಪತ್ರೆಯ ಬಡವ. ಇಂಥ ಸಂಸ್ಥೆಗಳ ಸ್ಮರಣ ಸಂಚಿಕೆಗಳಲ್ಲಿ ಸ್ಥಾಪಕರ ದೂರದೃಷ್ಟಿ, ಕಟ್ಟಡ, ಎಕರೆಗಳ ವಿವರ ಧಾರಾಳವಾಗಿರುತ್ತದೆ. ರೋಗಿ ಮಾತ್ರ 'ಸೇವೆ ಪಡೆದವನು' ಎಂದಷ್ಟೇ ಬಂದು ಹೋಗುತ್ತಾನೆ. ನನ್ನ ತಕರಾರು ಇಲ್ಲಿಯೇ. ಪಾಠ ಕಲಿಸಿದವನು ಅವನೂ ಹೌದಲ್ಲವೇ?

ಒಂದು ಸಣ್ಣ ಲೆಕ್ಕ ಮಾಡೋಣ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಮಾನದಂಡದಂತೆ ವರ್ಷಕ್ಕೆ 100 ಸೀಟುಗಳಿಗೆ 420 ಹಾಸಿಗೆಗಳಿರಬೇಕು, ಸರಾಸರಿ ಶೇಕಡ 80ರಷ್ಟು ತುಂಬಿರಬೇಕು. ಅಂದರೆ ಯಾವ ದಿನ ನೋಡಿದರೂ ಸುಮಾರು 336 ಒಳರೋಗಿಗಳು. ಒಬ್ಬ ರೋಗಿ ಸರಾಸರಿ 6 ದಿನ ಇರುತ್ತಾನೆಂದು ಇಟ್ಟುಕೊಳ್ಳಿ (ಇದು ನನ್ನ ಊಹೆ). ಆಗ ದಿನಕ್ಕೆ 56 ಹೊಸ ದಾಖಲಾತಿ, ವರ್ಷಕ್ಕೆ 20,000ಕ್ಕೂ ಮಿಕ್ಕು. ಇಷ್ಟು ಜನ ಎಲ್ಲಿಂದ ಬರಬೇಕು? ಕಾರ್ಪೊರೇಟ್ ಆಸ್ಪತ್ರೆಯ ದರ ಇಟ್ಟರೆ ಖಂಡಿತ ಬರುವುದಿಲ್ಲ. ಆದ್ದರಿಂದ ಕಡಿಮೆ ದರದ ಹಾಸಿಗೆ ಎಂಬುದು ಆಡಳಿತ ಮಂಡಳಿಯ ದಾನವಲ್ಲ, ನಮ್ಮ ಪ್ರಯೋಗಾಲಯದಲ್ಲಿ ವೋಲ್ಟ್‌ಮೀಟರ್ ಇದ್ದಂತೆ, ಬೋಧನೆಯ ಸಾಧನ. ಅದರ ಖರ್ಚನ್ನು ಉಳಿಸಲು ಹೋಗಿ, ಪರಿಶೀಲನೆಯ ದಿನ ಮಾತ್ರ ಹಾಸಿಗೆ ತುಂಬಿಸುವ ಕಾಲೇಜು ಆಯೋಗಕ್ಕಷ್ಟೇ ಅಲ್ಲ, ಶುಲ್ಕ ಕಟ್ಟಿದ ವಿದ್ಯಾರ್ಥಿಗೂ ಮೋಸ ಮಾಡುತ್ತದೆ. ಅವನು ಮುಂದೆ ಮುಟ್ಟಿ ನೋಡುವ ರೋಗಿಗೂ.

ಸೇಂಟ್ ಜಾನ್ಸ್ ತನ್ನ ಪದವೀಧರರಿಂದ ಹಿಂದುಳಿದ ಪ್ರದೇಶಗಳಲ್ಲಿ ಎರಡು ವರ್ಷಗಳ ಸೇವೆಯ ಕರಾರು ಪಡೆಯುವ ಪದ್ಧತಿ ಇಟ್ಟುಕೊಂಡಿತು. ರೋಗಿಯ ಋಣವನ್ನು ಲೆಕ್ಕಕ್ಕೆ ಹಿಡಿದ ಏರ್ಪಾಡು ಇದು ಎಂಬುದು ನನ್ನ ಅಭಿಪ್ರಾಯ. ಬೇರೆ ಖಾಸಗಿ ಕಾಲೇಜುಗಳು ಇದನ್ನು ಏಕೆ ಅನುಸರಿಸಬಾರದೋ ತಿಳಿಯದು.

ನಿಮ್ಮ ವಿದ್ಯಾರ್ಥಿ ಕಾಲೇಜು ನೋಡಲು ಹೊರಟರೆ ಸ್ವಾಗತ ಕಚೇರಿಗೆ ಮೊದಲು ಹೋಗುವುದು ಬೇಡ. ಮುನ್ಸೂಚನೆ ಕೊಡದೆ, ಸಾಧಾರಣ ಮಂಗಳವಾರವೊಂದರ ಬೆಳಿಗ್ಗೆ 10 ಗಂಟೆಗೆ ಹೊರರೋಗಿ ವಿಭಾಗದ ಸಾಲಿನ ಉದ್ದವನ್ನು ನೋಡಿಬರಲಿ.